ಹಿಂದಿನ ಸಾಲಿನ ತೀರ್ಪುಗಾರ್ತಿ
ಮಕ್ಕಳ ಸಂಗೀತ ನಾಟಕ ಸ್ಪರ್ಧೆಗೆ ನಮ್ಮ ದೊಡ್ಡಮ್ಮ ತೀರ್ಪುಗಾರ್ತಿ ಎಂದರೆ ಸಂಘಟಕರ ಎದೆ ಢವಢವ. ರಾಜಕುಮಾರಿ ವೇಷದ ಪುಟಾಣಿ ಕಣ್ಣು ಮಿಟುಕಿಸಿದಾಗ ಸಭೆಯೆಲ್ಲ ಕರಗಿ ನೀರಾದರೂ ಇವರ ಮುಖದ ಗಂಟು ಸಡಿಲವಾಗದು. "ಮುದ್ದಾಗಿದ್ರೆ ಮನೇಲಿ ಮುದ್ದು ಮಾಡ್ಕೊಳ್ಳಿ, ಇಲ್ಲಿ ಹಾಡ್ಬೇಕು" ಎಂದು ಹೆತ್ತವರ ಬಾಯಿ ಮುಚ್ಚಿಸುತ್ತಾರೆ. ಇವರ ಕಣ್ಣೆಲ್ಲ ಹಿಂದಿನ ಸಾಲಿನ ಮೇಳದ ಮೇಲೆ. ಅಲ್ಲಿ ಯಾವುದಾದರೂ ಮಗು ದನಿ ತೆಗೆಯದೆ ಬರೀ ತುಟಿ ಅಲ್ಲಾಡಿಸಿದರೆ ಸಾಕು, ಎದ್ದು ನಿಂತು ನಾಟಕವನ್ನೇ ನಿಲ್ಲಿಸುತ್ತಾರೆ: "ಮೇಷ್ಟ್ರೇ, ಇವನಿಗೆ ಹಾಡ್ಬೇಡ ಅಂತ ಹೇಳ್ಕೊಟ್ಟಿದ್ದು ಯಾರು? ಹಾಡು ಮಗಾ, ಶ್ರುತಿ ತಪ್ಪಿದ್ರೆ ತಪ್ಪಲಿ, ಮಾರ್ಕ್ಸ್ ಹಾಕೋಳು ನಾನು!" ಮುಂದಿನ ಸಲ ಕರೆಯುವುದಿಲ್ಲವೆಂದು ಯಾರಾದರೂ ಗೊಣಗಿದರೆ, "ಕರೀಬೇಡಿ, ಟಿಕೆಟ್ ತಗೊಂಡು ಬರ್ತೀನಿ" ಅನ್ನುತ್ತಾರೆ. ಕೊನೆಯ ಹಾಡಿಗೆ ಸಭೆಯೆಲ್ಲ ದನಿಗೂಡಿಸುತ್ತದೆ. ಪಕ್ಕದಲ್ಲಿ ಕೂರುವ ನನಗಷ್ಟೇ ಗೊತ್ತು: ಚಿಕ್ಕಂದಿನಲ್ಲಿ ಇಂಥದೇ ಹಿಂದಿನ ಸಾಲಿನಲ್ಲಿ ನಿಂತಿದ್ದ ದೊಡ್ಡಮ್ಮನ ತುಟಿ ಅಲ್ಲಾಡುತ್ತದೆ, ದನಿ ಇವತ್ತಿಗೂ ಹೊರಡುವುದಿಲ್ಲ.