ಬ್ರ್ಯಾಂಪ್ಟನ್ನಿನಲ್ಲಿ ಉಳಿದಿದ್ದ ಒಂದು ಸಣ್ಣ ಕಾರಿನ ಕುರಿತು

ಮಾನ್ಯ ಓದುಗರ ಅವಗಾಹನೆಗೆ ಈ ಸಂಗತಿಯನ್ನು ವಿನಯಪೂರ್ವಕವಾಗಿ ತರಬಯಸುತ್ತೇನೆ. ಕೆನಡಾದ ಬ್ರ್ಯಾಂಪ್ಟನ್ನಿನಲ್ಲಿರುವ ನನ್ನ ತಂಗಿ ಶೋಭಾಳಿಗೆ ಗೋದಾಮೊಂದರಲ್ಲಿ ಬೆಳಗಿನ ಶಿಫ್ಟು ದೊರೆಯುವುದಿತ್ತು. ಆ ಹೊತ್ತಿಗೆ ಬಸ್ಸಿಲ್ಲದ ಕಾರಣ ಕಾರು ಅಗತ್ಯವಾಗಿತ್ತು. ಆದರೆ ಅಪ್ಪನೂ ನಾನೂ ಅವಳೊಂದಿಗೆ ಹೋದ ಕಾರು ಮಾರಾಟದ ಅಂಗಳದ ತುಂಬ ಅವಳ ಕೈಗೆಟುಕದ ದೊಡ್ಡ ವಾಹನಗಳೇ ನಿಂತಿದ್ದವು. ಕಂಪನಿಯು ಸಣ್ಣ ಕಾರುಗಳ ತಯಾರಿಕೆಯನ್ನು ನಿಲ್ಲಿಸಿರುವುದಾಗಿಯೂ, ಮೂಲೆಯಲ್ಲಿರುವುದೇ ಕೊನೆಯದೆಂದೂ ಮಾರಾಟಗಾರರು ತಿಳಿಸಿದರು.

"ಈಗ ರಾಹುಕಾಲ ನಡದೈತಿ. ಮುಗದ ಮ್ಯಾಲೆ ಸೈನ್ ಮಾಡು," ಎಂದರು ಅಪ್ಪ.

"ಅಷ್ಟರಾಗ ಯಾರರೆ ಒಯ್ದ್ರಂದ್ರ ಹ್ಯಾಂಗಪ್ಪಾ?" ಎಂದಳು ಶೋಭಾ.

"ಹ್ಯಾಂಗ ಒಯ್ತಾರ? ತಡಿ."

ಹುಬ್ಬಳ್ಳಿ ಬಸ್ಸಿನಲ್ಲಿ ಸೀಟು ಹಿಡಿಯುವ ರೀತಿಯಲ್ಲೇ ಅಪ್ಪ ತಮ್ಮ ಹೆಗಲಿನ ಟವೆಲನ್ನು ಕಾರಿನ ಕಿಟಕಿಯಿಂದ ಒಳಗೆ ಹಾಕಿದರು. ನಮಗೆ ತೀವ್ರ ನಾಚಿಕೆಯಾಯಿತು.

ಅಷ್ಟರಲ್ಲಿ ಪಂಜಾಬಿ ಹಿರಿಯರೊಬ್ಬರು ಮಗನೊಂದಿಗೆ ಬಂದು ಅದೇ ಕಾರಿನ ಬಾಗಿಲು ತೆರೆದರು. ಶೋಭಾಳ ಮುಖ ಬಾಡಿತು. ಹಿರಿಯರು ಟವೆಲನ್ನು ನೋಡಿ ಗಟ್ಟಿಯಾಗಿ ನಕ್ಕರು.

"ಚಲ್ ಪುತ್ತರ್, ಸೀಟ್ ರಿಸರ್ವ್ ಹೈ!"

ಅಪ್ಪನಿಗೆ ಕೈಮುಗಿದು, ಬಾಗಿಲು ಮುಚ್ಚಿ ಹೊರಟೇಹೋದರು. ಅವರ ಸೀಮೆಯಲ್ಲೂ ಈ ಪದ್ಧತಿ ಜಾರಿಯಲ್ಲಿರುವುದು ನನಗೆ ತಿಳಿದಿರಲಿಲ್ಲ.

ರಾಹುಕಾಲ ಮುಗಿದ ನಂತರ ಸಹಿ ಹಾಕಿದ ಶೋಭಾ, ಅಂಗಳದಲ್ಲೇ ನಿಂತು ಸೂಪರ್‌ವೈಸರಿಗೆ ಫೋನು ಮಾಡಿದಳು:

"ಯೆಸ್, ಮಾರ್ನಿಂಗ್ ಶಿಫ್ಟ್ ಓಕೆ. ಐ ವಿಲ್ ಡ್ರೈವ್."