ಒಂಬತ್ತು ಪೆಟ್ಟಿಗೆಗಳ ಪಾಸ್‌ವರ್ಡು

ದೇವನೂರಿನ ಚಿಕ್ಕಸ್ವಾಮಿ ದೈವಭಕ್ತ. ಅದೇ ಅವನಿಗೆ ಮುಳುವಾಯಿತು.

ಕೇಬಲ್ ಟೀವಿಯ ತಂತಿ ಎಳೆಯುತ್ತ ಕಂಬ ಹತ್ತಿಳಿದ ಈ ಮನುಷ್ಯ ಐವತ್ತರ ಹೊತ್ತಿಗೆ ಒಂದು ಪತ್ತಿನ ಸಹಕಾರ ಸಂಘದ ನೆಟ್‌ವರ್ಕ್ ನೋಡಿಕೊಳ್ಳುವವನಾಗಿದ್ದ. ದೇವನೂರಿನಿಂದ ಸೋಸಲೆಯವರೆಗೆ ಸಂಘಕ್ಕೆ ಒಂಬತ್ತು ಶಾಖೆ. ಶಾಖೆಗೊಂದು ಮಿಣಮಿಣ ಮಿನುಗುವ ರೌಟರ್ ಪೆಟ್ಟಿಗೆ. ನಂಜನಗೂಡಿನ ಮುಖ್ಯ ಕಚೇರಿಯಲ್ಲಿ ಕೂತೇ ಅವನ್ನು ವಿಚಾರಿಸಿಕೊಳ್ಳಲು, ನಿಲ್ಲಿಸಲು, ನಡೆಸಲು ಒಂದು ಗುಟ್ಟಿನ ಪಾಸ್‌ವರ್ಡು ಬೇಕು. ಹೊಸ ಪೆಟ್ಟಿಗೆ ಬಂದಾಗಲೆಲ್ಲ ಚಿಕ್ಕಸ್ವಾಮಿ ಅದಕ್ಕೆ ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು, ಮನೆದೇವರು ಮಾದಪ್ಪನ ಹೆಸರನ್ನೇ ಪಾಸ್‌ವರ್ಡ್ ಮಾಡುತ್ತಿದ್ದ. ದೇವರೇ ಕಾಯುವಾಗ ಕಳ್ಳ ಎಲ್ಲಿಂದ ಬಂದಾನು? ಆ ಸೀಮೆಯ ಅರ್ಧಕ್ಕರ್ಧ ಜನಕ್ಕೆ, ಕಳ್ಳರೂ ಸೇರಿದಂತೆ, ಮಾದಪ್ಪನೇ ಮನೆದೇವರು ಎಂಬುದು ಮಹಾಶಯನಿಗೆ ಹೊಳೆಯಲಿಲ್ಲ.

ಹೊಸ ಅಧಿಕಾರಿ ಮೇಘನಾಗೆ ಹೊಳೆಯಿತು. ತಪಾಸಣೆಗೆ ಕೂತ ಆಕೆ ಎರಡನೇ ಊಹೆಗೇ ಒಂಬತ್ತನ್ನೂ ತೆರೆದಳು. ಎಲ್ಲವನ್ನೂ ನೀವು ಬದಲಾಯಿಸಬೇಕು, ಸೋಮವಾರ ಮತ್ತೆ ಪರೀಕ್ಷಿಸುತ್ತೇನೆ, ಆಗಲೂ ತೆರೆದರೆ ಈ ಕೆಲಸ ಬೇರೆಯವರಿಗೆ ಎಂದಳು. ಚಿಕ್ಕಸ್ವಾಮಿಗೆ ಕಂಬ ಹತ್ತುವ ವಯಸ್ಸು ಮುಗಿದಿತ್ತು. ಬೇರೆ ಕೆಲಸ ಗೊತ್ತಿರಲಿಲ್ಲ.

ಆದರೆ ದೇವರ ಹೆಸರು ಅಳಿಸುವುದೆಂದರೆ ಸಾಮಾನ್ಯವೇ? ಅಪ್ಪಣೆ ಬೇಕು. ಭಾನುವಾರ ಊರ ಮಾದಪ್ಪನ ಗುಡಿಗೆ ಹೋಗಿ ಹೂ ಕೇಳಿದ. ದೇವರ ಬಲಗಡೆಯಿಂದ ಹೂ ಬಿದ್ದರೆ ಒಪ್ಪಿಗೆ. ಆದರೆ ಕೇಳುವುದನ್ನು ಬಾಯಿಬಿಟ್ಟು, ಏನನ್ನೂ ಮುಚ್ಚಿಡದೆ ಕೇಳಬೇಕು. ಚಿಕ್ಕಸ್ವಾಮಿ ಮೂವತ್ತು ಜನರ ನಡುವೆ ಕೈಮುಗಿದು, ನಿನ್ನ ಹೆಸರು ತೆಗೆದು ಎಮ್ಮೆ, ನಕ್ಷತ್ರ, ಕಪಿಲೆ, ಮೂವತ್ತೇಳು ಎಂದು ಇಡುತ್ತೇನೆ ಸ್ವಾಮಿ, ಎಮ್ಮೆಯ ಮೊದಲಕ್ಷರ ದೊಡ್ಡದು ಎಂದು ಎರಡೆರಡು ಸಲ ಅರಿಕೆ ಮಾಡಿಕೊಂಡ. ಬಲಗಡೆಯಿಂದಲೇ ಹೂ ಬಿತ್ತು. ಕಣ್ಣೊರೆಸಿಕೊಂಡು ಹೋಗಿ ಒಂಬತ್ತಕ್ಕೂ ಅದನ್ನೇ ಇಟ್ಟ.

ಸೋಮವಾರ ಮೇಘನಾ ದೇವನೂರಿನ ಶಾಖೆಯಲ್ಲಿ ಚಿಕ್ಕಸ್ವಾಮಿಯ ಎದುರೇ ಕೂತು ಗಂಟೆಗಟ್ಟಲೆ ಊಹಿಸಿದಳು. ಒಂದೂ ತೆರೆಯಲಿಲ್ಲ. ಪಾಸ್‌ಬುಕ್ ಹಿಡಿದು ಕಾಯುತ್ತಿದ್ದ ಸಣ್ಣತಾಯಮ್ಮನಿಗೆ ಆ ಹುಡುಗಿಯ ಪಾಡು ನೋಡಲಾಗಲಿಲ್ಲ.

"ಎಮ್ಮೆ ಆಕಿ ನೋಡವ್ವ," ಎಂದಳು ಮುದುಕಿ. "ನಕ್ಸತ್ರ, ಕಪಿಲೆ, ಮೂವತ್ತೇಳು. ಎಮ್ಮೆದು ಮೊದ್ಲಕ್ಸರ ದೊಡ್ದು."

ಒಂಬತ್ತೂ ತೆರೆದವು. ಚಿಕ್ಕಸ್ವಾಮಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಗುಡಿಯ ಕತೆ ಕೇಳಿದ ಮೇಲೆ ಮೇಘನಾಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಇನ್ನೊಂದು ಗಂಟೆ ಕೊಟ್ಟಳು. ಅವನು ಮೂಲೆಗೆ ಸರಿದು, ಕೀಬೋರ್ಡಿನ ಮೇಲೆ ಟವೆಲು ಹೊದಿಸಿಕೊಂಡು, ಒಂಬತ್ತಕ್ಕೂ ಬೇರೆಬೇರೆ ಪಾಸ್‌ವರ್ಡ್ ಇಟ್ಟ. ಮೇಘನಾ ಊಹಿಸಿ ಸೋತಳು. ಸಣ್ಣತಾಯಮ್ಮನೂ ಸೋತಳು. ಏನಿಟ್ಟಿರಿ ಎಂದು ಮೇಘನಾ ಕೇಳಿದರೆ, ನಿಮಗೂ ಹೇಳುವುದಿಲ್ಲ ಎಂದುಬಿಟ್ಟ. ಆಕೆ ವರದಿಗೆ ಸಹಿ ಹಾಕಿದಳು.

"ಮಾದಪ್ಪನಿಗಾದರೂ ಹೇಳಿದಿರಾ, ಚಿಕ್ಕಸ್ವಾಮಿಯವರೇ?"

"ಅವನ್ಗೂ ಏಳ್ನಿಲ್ಲ ಮೇಡಂ," ಎಂದ. "ತಪ್ಪುಕಾಣ್ಕೆ ತೆಗ್ದು ಮಡಗಿವ್ನಿ."