ಇಪ್ಪತ್ತೋ ಇಪ್ಪತ್ತೊಂದೋ

ಜಯನಗರದ ನಮ್ಮ ಶಾಲೆಯಲ್ಲಿ ಹುಟ್ಟುಹಬ್ಬದವರಿಗೆ ಎರಡು ಮರ್ಯಾದೆ. ಆ ದಿನ ಯೂನಿಫಾರ್ಮ್ ಬಿಟ್ಟು ಬಣ್ಣದ ಬಟ್ಟೆ ಹಾಕಬಹುದು. ಪ್ರಾರ್ಥನೆಯ ಹೊತ್ತಿಗೆ ಮೈಕಿನ ಮುಂದೆ ನಿಂತು ಆ ತಾರೀಖಿನಂದು ಪ್ರಪಂಚದಲ್ಲಿ ಏನೇನಾಗಿತ್ತು ಅಂತ ಓದಬಹುದು. ತೊಂಬತ್ತರ ದಶಕದ ನಡುವಿನ ಮಾತು. ಎಂಟನೇ ಕ್ಲಾಸಿನಲ್ಲಿದ್ದ ನನಗೆ ಬಟ್ಟೆ ಯಾರಿಗೆ ಬೇಕಿತ್ತು? ಕಣ್ಣೆಲ್ಲ ಮೈಕಿನ ಮೇಲೆ. ನನ್ನದು ಜುಲೈ ಇಪ್ಪತ್ತು, ಮನುಷ್ಯ ಚಂದ್ರನ ಮೇಲೆ ಇಳಿದ ದಿನ! ಮಂಗಳನ ಮೇಲೆ ಅಮೆರಿಕದ ನೌಕೆ ಇಳಿದದ್ದೂ ಅದೇ ತಾರೀಖು. ಜರ್ಮನಿಯ ಸರ್ವಾಧಿಕಾರಿಯ ಮೇಜಿನ ಕೆಳಗೆ ಬಾಂಬು ಸಿಡಿದರೂ ಆತ ಬದುಕಿಕೊಂಡದ್ದೂ ಅವತ್ತೇ. ಎಲ್ಲವನ್ನೂ ಲೈಬ್ರರಿಯಲ್ಲಿ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. "ನಿನ್ ದಿನ ಏನಾಗಿದೆ ಹೇಳೇ ನೋಡೋಣ?" ಅಂತ ಪಕ್ಕದಲ್ಲಿ ಕೂರುವವಳ ಹೊಟ್ಟೆಯನ್ನೂ ಉರಿಸಿದ್ದೆ.

ಆ ಜೂನ್‌ನಲ್ಲಿ ಶಾಲೆಯವರು ಹುಟ್ಟಿದ ದಿನಕ್ಕೆ ದಾಖಲೆ ಕೇಳಿದರು. ಅಮ್ಮ ಟ್ರಂಕಿನ ತಳದಿಂದ ಆಸ್ಪತ್ರೆಯ ಚೀಟಿ ತೆಗೆದಳು. ಜುಲೈ ಇಪ್ಪತ್ತೊಂದು, ಬೆಳಗಿನ ಜಾವ ಎರಡು ಇಪ್ಪತ್ತು ಅಂತಿತ್ತು. ಟೀಚರ್ ಪ್ರಾರ್ಥನೆಯ ಪಟ್ಟಿ ತಿದ್ದಿ, "ನೀನು ಇಪ್ಪತ್ತೊಂದಕ್ಕೆ ಓದಮ್ಮ" ಅಂದುಬಿಟ್ಟರು.

ನನ್ನನ್ನು ಶಾಲೆಗೆ ಸೇರಿಸುವಾಗ ತಾರೀಖು ಹೇಳಿದ್ದವಳು ಅಜ್ಜಿ. ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದವಳ ಮೇಲೆ ಎಗರಾಡಿದೆ.

"ಒಂದ್ ತಾರೀಖು ನೆಟ್ಟಗೆ ಹೇಳಕ್ಕೆ ಬರಲ್ವಾ ನಿಂಗೆ? ನನ್ನ ಚಂದ್ರ ಹೋಯ್ತು!"

"ಸೂರ್ಯ ಹುಟ್ಟೋವರ್ಗೂ ಹಿಂದಿನ ದಿನಾನೇ ಕಣೇ. ಪಂಚಾಂಗ ಇರೋದೇ ಹಾಗೆ."

"ಸ್ಕೂಲೇನು ನಿನ್ ಪಂಚಾಂಗ ನೋಡ್ಕೊಂಡು ನಡಿಯುತ್ತಾ?"

ಅಜ್ಜಿ ಇನ್ನೊಂದು ಹುರುಳಿಕಾಯಿ ಎತ್ತಿಕೊಂಡಳು. ಎರಡು ದಿನ ನಾನು ಅವಳ ಜೊತೆ ಮಾತು ಬಿಟ್ಟೆ. ಆಗಿನ ನನ್ನ ಕೋಪ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೇ ದಿನ ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತದೆಯೇ ಹೇಳಿದ: "ಚಂದ್ರನ ಸುದ್ದಿ ನಾವು ರೇಡಿಯೋದಲ್ಲಿ ಕೇಳಿದ್ದು ಸೋಮವಾರ ಬೆಳಿಗ್ಗೆ. ಅವತ್ತು ಇಪ್ಪತ್ತೊಂದು ಅಲ್ವಾ?"

ಅರೆ! ಲೈಬ್ರರಿಗೆ ಓಡಿದೆ. ದಪ್ಪ ಪುಸ್ತಕದಲ್ಲಿ ಗ್ರೀನ್‌ವಿಚ್ ಸಮಯ ಕೊಟ್ಟಿದ್ದರು: ಇಪ್ಪತ್ತರ ರಾತ್ರಿ ಎಂಟು ಹದಿನೇಳು. ಅದಕ್ಕೆ ಐದೂವರೆ ಗಂಟೆ ಕೂಡಿಸಿದೆ. ನಮ್ಮ ಗಡಿಯಾರದಲ್ಲಿ ಇಪ್ಪತ್ತೊಂದು, ಒಂದು ನಲವತ್ತೇಳು! ವರ್ಷ ಬೇರೆಯಿರಬಹುದು, ಆದರೆ ಅವರು ಇಳಿದ ಅರ್ಧ ಗಂಟೆಗೆ ನಾನೂ ಇಳಿದಿದ್ದೆ. ಇನ್ನೂ ಮಜಾ ಅಂದರೆ, ಆ ಹೊತ್ತಿಗೆ ಇಲ್ಲಿ ಸೂರ್ಯ ಹುಟ್ಟಿರಲಿಲ್ಲ. ಅಜ್ಜಿಯ ಲೆಕ್ಕದಲ್ಲಿ ಅದೂ ಇಪ್ಪತ್ತೇ, ಅಮೆರಿಕದವರ ಲೆಕ್ಕದಲ್ಲೂ ಇಪ್ಪತ್ತೇ.

ಇಪ್ಪತ್ತೊಂದರಂದು ಮೈಕಿನ ಮುಂದೆ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಟೀಚರ್ ಬೆರಳು ಮಡಿಸಿ ಗಂಟೆ ಎಣಿಸುತ್ತಿದ್ದರು. ಸಂಜೆ ಮನೆಗೆ ಬಂದು ಅಜ್ಜಿಯ ಪಕ್ಕ ಕೂತೆ.

"ತಪ್ಪಾಯ್ತು ಅಜ್ಜಿ. ನಿನ್ ಲೆಕ್ಕದಲ್ಲೂ ಚಂದ್ರಂದು, ನಂದು ಒಂದೇ ದಿನ."

"ನಿನ್ ಚಂದ್ರ ಎಲ್ಲ ನಂಗೊತ್ತಿಲ್ಲ ಕಣೇ," ಅಂದಳು ಅಜ್ಜಿ. "ಅವತ್ತು ರಾತ್ರಿ ಡಾಕ್ಟ್ರು, ಉಳಿಯೋದು ತಾಯಿನೋ ಮಗೂನೋ ಹೇಳಕ್ಕಾಗಲ್ಲ ಅಂದ್ಬಿಟ್ಟಿದ್ರು. ವರಾಂಡದಲ್ಲಿ ಕೂತಿದ್ದೆ, ಗಡಿಯಾರ ನೋಡಕ್ಕೂ ಧೈರ್ಯ ಇರ್ಲಿಲ್ಲ. ನೀನು ಅತ್ತಿದ್ದು ಕೇಳಿಸ್ತು. ಆಮೇಲೇ ಬೆಳಗಾಗಿದ್ದು."